ಮಾದರಿ ಗಾಳಿ

ಮೂಗಪ್ಪನಿಗೆ ಮೂಗೊಂದನ್ನು ಬಿಟ್ಟರೆ ಬೇರೆ ಅಂಗವೇ ಇರಲಿಲ್ಲ. ಅಂಗೈ ಅಗಲದ ಬಿಳಿ ಪೆಟ್ಟಿಗೆ, ಅದರ ಮುಖಕ್ಕೆ ಜರಡಿ ಹಾಕಿದ ಎರಡು ಹೊಳ್ಳೆ, ಹಣೆಯ ಮೇಲೊಂದು ದೀಪ. ಹೊಳ್ಳೆಗಳ ಹಿಂದೆ ಮುನ್ನೂರ ಹನ್ನೆರಡು ತೆಳುಪೊರೆಗಳು. ಒಂದೊಂದೂ ಒಂದೊಂದು ಬಗೆಯ ಆವಿ ಸೋಕಿದಾಗ ಉಬ್ಬುವಂಥದ್ದು. ಪೊರೆ ಉಬ್ಬಿದರೆ ಅದರಲ್ಲಿ ಹರಿಯುವ ವಿದ್ಯುತ್ತು ಕೂದಲೆಳೆಯಷ್ಟು ಏರುಪೇರಾಗುತ್ತಿತ್ತು. ಆ ಏರುಪೇರುಗಳನ್ನೆಲ್ಲ ಕೂಡಿಸಿ, ಇಲಾಖೆ ಒಪ್ಪಿದ ‘ಮಾದರಿ ಗಾಳಿ’ಯ ಪಕ್ಕದಲ್ಲಿಟ್ಟು ಹೋಲಿಸಿ, ನೂರಕ್ಕೆ ಇಷ್ಟು ಎಂದು ಅಂಕ ಕೊಡುವುದು ಅವನ ಉದ್ಯೋಗ. ಅರವತ್ತು ದಾಟಿದರೆ ಹಸಿರು ದೀಪ, ಇಲ್ಲವಾದರೆ ಕೆಂಪು. ಸತತ ನಾಲ್ಕು ತಿಂಗಳು ಕೆಂಪು ಬಿದ್ದ ಮುದುಕರ ಆರೈಕೆ ಮನೆಗೆ ಬೀಗ.

ಕಡತದಲ್ಲಿ ಅವನ ಹೆಸರು ‘ಘ್ರಾಣಾಧಾರಿತ ನಿರಂತರ ಪರಿವೀಕ್ಷಣಾ ಉಪಕರಣ’. ಅಷ್ಟುದ್ದ ಹೇಳಿ ಮುಗಿಸುವಷ್ಟರಲ್ಲಿ ವಾಸನೆಯೇ ಹಾರಿಹೋಗುತ್ತದೆಂದು ಜನ ಮೂಗಪ್ಪ ಎಂದು ನಾಮಕರಣ ಮಾಡಿದ್ದರು. ಹೆಸರು ಮೂಗಪ್ಪನಾದರೂ ಆತ ಮೂಗನಲ್ಲ. ಮೂಗಿನ ನೇರಕ್ಕೆ ಕಂಡದ್ದನ್ನೆಲ್ಲ ಹುಬ್ಬಳ್ಳಿಯ ನಿಯಂತ್ರಣ ಕೊಠಡಿಗೆ ಕ್ಷಣಕ್ಷಣಕ್ಕೂ ಒದರುತ್ತಿದ್ದ.

ಅವನಿಗೆ ವಾಸನೆ ಕಲಿಸಿದವಳು ಶಿವಲೀಲಾ ಹೂಗಾರ. ಆರೈಕೆ ಮನೆಗಳ ಹಿರಿಯ ಪರಿವೀಕ್ಷಕಿ. ಯಂತ್ರ ಬರುವ ಮೊದಲು ಕಚೇರಿಯ ಮೂಗು ಅವಳದೇ ಆಗಿತ್ತು. ಹೊಸ್ತಿಲಲ್ಲಿ ನಿಂತು ಒಂದೇ ಒಂದು ಉಸಿರು ಎಳೆದುಕೊಂಡರೆ ಸಾಕು, ಒಳಗೆ ಯಾರಿಗೆ ಬೆನ್ನುಹುಣ್ಣಾಗಿದೆ, ಯಾವ ಕೋಣೆಯ ಕಿಟಕಿ ವಾರದಿಂದ ತೆರೆದಿಲ್ಲ ಎಂದು ಹೇಳುತ್ತಿದ್ದಳು. ಅದು ಅಪ್ಪನಿಂದ ಬಂದ ಮೂಗು. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ನಲವತ್ತು ವರ್ಷ ಹೂ ಕಟ್ಟಿದ ವೀರಪ್ಪ ಹೂಗಾರ, ಬುಟ್ಟಿಯ ಮೇಲಿನ ಒದ್ದೆ ಬಟ್ಟೆ ಸರಿಸುವ ಮೊದಲೇ ಮಲ್ಲಿಗೆ ಯಾವ ಊರಿನದು, ಕೊಯ್ದು ಎಷ್ಟು ತಾಸಾಯಿತು ಎಂದು ಹೇಳುತ್ತಿದ್ದ. ಈಗ ಆತನಿಗೆ ಮರೆವು. ಊರು ಮರೆತಿದೆ, ಮಗಳ ಹೆಸರು ಮರೆತಿದೆ. ಹಗಲೆಲ್ಲ ತಿರುಗಾಡುವ ಕೆಲಸದ ಮಗಳು ಅವನನ್ನು ‘ಸಂಧ್ಯಾಸೌರಭ’ದಲ್ಲಿ ಇಟ್ಟಿದ್ದಳು. ಆ ವಲಯದಲ್ಲೇ ಎಲ್ಲಕ್ಕಿಂತ ಹಸಿರು ಮನೆ ಅದು. ಎರಡು ವರ್ಷದಲ್ಲಿ ತೊಂಬತ್ತೆಂಟಕ್ಕಿಂತ ಕೆಳಗೆ ಇಳಿದದ್ದೇ ಇಲ್ಲ.

ಮನೆಗೊಬ್ಬನಂತೆ ಮೂಗಪ್ಪ ಗೋಡೆ ಏರಿದ ಮೇಲೆ ಜಗತ್ತು ಅವನ ಮರ್ಜಿ ಹಿಡಿಯಲು ಕಲಿತಿತ್ತು. ಪ್ರತಿ ಆರೈಕೆ ಮನೆಯಲ್ಲೂ ದಿನಕ್ಕೆರಡು ಸಲ ಲೋಬಾನ. ಬೆಳಿಗ್ಗೆ ತಪ್ಪದೆ ಕೇಸರಿಬಾತ್. ಮುದುಕರು ತಿನ್ನಲಿ ಬಿಡಲಿ, ತುಪ್ಪದ ಘಮ ಗೋಡೆಗೆ ತಾಗಬೇಕು. ಅಂಗಡಿಗಳಲ್ಲಿ ‘ಹಸಿರು ದೀಪ’ ಹೆಸರಿನ ಊದುಬತ್ತಿ ಬಂದಿತ್ತು. ನೋವಿನ ಎಣ್ಣೆ, ನಶ್ಯ, ಎಲೆ-ಅಡಿಕೆ, ಬೆಳ್ಳುಳ್ಳಿ ಚಟ್ನಿ ಎಲ್ಲವೂ ಗೇಟಿನ ಹೊರಗೆ. ಹಾಗೇಕೆಂದು ಯಾರೂ ಕೇಳಲಿಲ್ಲ. ಮೂಗಪ್ಪನಿಗೆ ಅದು ಹಿಡಿಸುವುದಿಲ್ಲ, ಅಷ್ಟೆ. ಮೇಲಧಿಕಾರಿಯ ಸ್ವಭಾವಕ್ಕೆ ಕಾರಣ ಕೇಳುವವರುಂಟೇ?

ಶಿವಲೀಲಾಗೆ ಮಾತ್ರ ಇತ್ತೀಚೆಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕುರ್ಚಿ ಬಿಟ್ಟು ಎದ್ದರೆ ಕಿಟಕಿ, ಕಿಟಕಿ ಬಿಟ್ಟರೆ ಕುರ್ಚಿ. ಮೇಜಿನ ಮೇಲೆ ಒಂದೇ ಕಡತ: ‘ಹತ್ತಿಮನೆ ಆರೈಕೆ ಕೇಂದ್ರ, ಬೆಟಗೇರಿ. ನಾಲ್ಕನೇ ಕೆಂಪು. ಅಂಕ ನಲವತ್ತೊಂದು.’ ಮಂಗಳವಾರ ಹೋಗಿ ಅಂತಿಮ ಪರಿಶೀಲನೆ ಮಾಡಬೇಕು, ಶುಕ್ರವಾರ ಬೀಗದ ಆದೇಶಕ್ಕೆ ಸಹಿ ಹಾಕಬೇಕು. ಅಲ್ಲಿದ್ದ ಹತ್ತೊಂಬತ್ತು ಮಂದಿ ನಾಲ್ಕು ಜಿಲ್ಲೆಗಳಿಗೆ ಹಂಚಿಹೋಗುತ್ತಾರೆ. ಇಂಥ ನಲವತ್ತು ಆದೇಶಗಳಿಗೆ ಅವಳು ಈಗಾಗಲೇ ಸಹಿ ಹಾಕಿದ್ದಳು. ಆದರೆ ನಾಲ್ಕೇ ತಿಂಗಳ ಹಿಂದೆ ಯಂತ್ರ ಬಂದ ಹತ್ತಿಮನೆಯನ್ನು ಅವಳು ಅದಕ್ಕೂ ಮೊದಲು ಒಮ್ಮೆ ಸ್ವಂತ ಮೂಗಿನಿಂದ ನೋಡಿದ್ದಳು. ಅಲ್ಲಿ ಅವಳ ಮೂಗು ಏನೂ ತಕರಾರು ತೆಗೆದಿರಲಿಲ್ಲ.

*

ಹತ್ತಿಮನೆ ಹಿಂದೆ ನದಾಫರು ಹತ್ತಿ ಹಿಂಜುವ ಅಂಗಳವಾಗಿತ್ತು. ಆ ಮನೆತನದ ಜೈತುನಬಿ ಸರಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು, ನಿವೃತ್ತಿಯ ನಂತರ ಅಲ್ಲಿ ಹಾಸಿಗೆಗಳ ಜೊತೆ ಹಾಸಿಗೆ ಹಿಡಿದವರನ್ನೂ ಇಟ್ಟುಕೊಂಡಳು.

ಶಿವಲೀಲಾ ಬಂದಾಗ ಅಂಗಳದ ಬಿಸಿಲಿಗೆ ಆರು ಗಾದಿ ಹರವಿದ್ದವು. ಬಾಗಿಲಲ್ಲಿ ಕಾಕಿ ಅಂಗಿ ತೊಟ್ಟ ಮುದುಕನೊಬ್ಬ ಕೈ ಅಡ್ಡ ಹಿಡಿದು ನಿಂತಿದ್ದ. ಬಸೆಟ್ಟೆಪ್ಪ, ಮೂವತ್ತೈದು ವರ್ಷ ಕಂಡಕ್ಟರಾಗಿದ್ದವನು. ಬಸ್ಸು ಬಿಟ್ಟರೂ ಬಸ್ಸು ಅವನನ್ನು ಬಿಟ್ಟಿರಲಿಲ್ಲ.

“ಮುಂದ ಸರೀರಿ, ಒಳಗ ಜಾಗಾ ಐತಿ! ಯಾವ ಸ್ಟಾಪ್ ಅಕ್ಕಾರ?”

“ಇದ ಸ್ಟಾಪ್, ಕಾಕಾ.”

“ಹೋಲ್ಡಾನ್! ಒಂದು ಇಳ್ಯೂದೈತಿ!” ಎಂದು ಒಳಗೆ ಕೂಗಿ, ನಾಲಿಗೆಯಿಂದಲೇ ಗಂಟೆ ಬಾರಿಸಿದ.

ಜೈತುನಬಿ ಸೆರಗಿಗೆ ಕೈ ಒರೆಸುತ್ತ ಬಂದಳು. “ಬರ್ರಿ ಬಾಯಾರ. ಮೂರು ದಿನಾ ಮೊದಲ ನೋಟೀಸ್ ಕೊಟ್ಟಿದ್ರಿ. ತಯಾರಿ ಮಾಡಬೇಕಂತಿದ್ದೆ, ಆದ್ರ ಕೈಯಾಗ ಮಂದಿ ಇದ್ರು.”

ಶಿವಲೀಲಾ ಹೊಸ್ತಿಲಲ್ಲಿ ನಿಂತು ಉಸಿರೆಳೆದುಕೊಂಡಳು. ಬಿಸಿಲಿಗೆ ಕಾದ ಹತ್ತಿ. ಹಂಚಿನ ಮೇಲಿನ ರೊಟ್ಟಿ. ಕರ್ಪೂರ ಹಾಕಿದ ನೋವಿನ ಎಣ್ಣೆ. ನಶ್ಯ. ಎಲ್ಲದರ ಅಡಿಯಲ್ಲಿ, ಎಳೆಯಾಗಿ, ಮೂತ್ರ.

“ಯಾರೋ ಈಗ ಹಾಸಿಗಿ ಒದ್ದಿ ಮಾಡ್ಯಾರ,” ಎಂದಳು. “ಹತ್ತು ನಿಮಿಷ ಆಗಿರಬೇಕು.”

ಜೈತುನಬಿ ಬೆರಗಾಗಿ ನೋಡಿದಳು. “ಕಾಶವ್ವ. ಬದಲಿ ಮಾಡಕೋತ ಇದ್ದೆ, ಅಷ್ಟರಾಗ ನೀವು ಬಂದ್ರಿ.”

ಅದು ಶಿವಲೀಲಾಳ ಹಳೆಯ ಲೆಕ್ಕ. ಹೊಸ ಮೂತ್ರದ ವಾಸನೆ ಮನುಷ್ಯ ಬದುಕಿದ್ದಾನೆ ಎನ್ನುವುದಕ್ಕೆ ಸಾಕ್ಷಿ. ಹಳತಾಗಿ ಕಣ್ಣಿಗೆ ಚುಚ್ಚುವ ವಾಸನೆ, ಯಾರೂ ಅವನನ್ನು ನೋಡುತ್ತಿಲ್ಲ ಎನ್ನುವುದಕ್ಕೆ. ಇಲ್ಲಿ ಹಳೆಯದು ಎಲ್ಲೂ ಇರಲಿಲ್ಲ. ಒಳಗೆ ಕಾಶವ್ವನ ಬೆನ್ನು ತಿರುಗಿಸಿ ನೋಡಿದಳು, ಹುಣ್ಣಿಲ್ಲ. ಕಾಶವ್ವ ನಶ್ಯದ ಡಬ್ಬಿಯನ್ನು ದಿಂಬಿನಡಿ ತಳ್ಳುತ್ತ, “ನಂದಲ್ಲವಾ, ಗೋಡಿಮ್ಯಾಲಿನವಂದು,” ಎಂದು ಮೂಗಪ್ಪನ ಕಡೆ ಕೈ ತೋರಿಸಿದಳು. ಗೋಡೆಯ ಮೇಲೆ ಅವನ ಹಣೆ ಕೆಂಪಗೆ ಉರಿಯುತ್ತಿತ್ತು.

“ಒಂದು ಊದುಬತ್ತಿ ಹಚ್ಚಿದ್ರ ಆಗತಿತ್ತಲ್ರಿ ಅಕ್ಕಾರ,” ಎಂದಳು ಶಿವಲೀಲಾ. ದನಿ ತನಗೇ ಬೇಡಿಕೊಂಡಂತೆ ಕೇಳಿಸಿತು.

“ಇಬ್ಬರಿಗೆ ದಮ್ಮು ಐತಿ ಬಾಯಾರ, ಹೊಗಿ ಹ್ಯಾಂಗ ಹಾಕಲಿ? ಕೇಸರಿಬಾತ್ ಮಾಡು ಅಂತೀರಿ. ಹದಿಮೂರು ಮಂದಿಗೆ ಸಕ್ಕರಿ ಬ್ಯಾನಿ. ಮಾಡಿ, ಮೂಸಿಸಿ, ಚೆಲ್ಲಲೇನು?” ಜೈತುನಬಿ ಒದ್ದೆ ಚಾದರವನ್ನು ಬುಟ್ಟಿಗೆ ಹಾಕಿದಳು. “ನಿಮ್ಮ ಮನ್ಯಾಗೂ ವಯಸ್ಸಾದವರು ಇರ್ತಾರಲ್ರಿ, ಅಪ್ಪಾರು ಎಲ್ಲಿ ಅದಾರ?”

“ಸಂಧ್ಯಾಸೌರಭದಾಗ. ತೊಂಬತ್ತೆಂಟು.” ಹೇಳುವಾಗ ಸ್ವಲ್ಪ ಹೆಮ್ಮೆಯೂ ಇತ್ತು.

“ಎಷ್ಟು ಮಂದಿ ಅದಾರ ಅಲ್ಲಿ?”

“ಇಪ್ಪತ್ತಾರು.”

ಜೈತುನಬಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಇಪ್ಪತ್ತಾರು ಮುದುಕರು ಇರೂ ಮನ್ಯಾಗ ತೊಂಬತ್ತೆಂಟೇನ್ರಿ? ಅವರು ಉಸಿರಾಡ್ತಾರಿಲ್ಲೋ?”

*

ಆ ಮಾತು ಬಸ್ಸಿನಲ್ಲೂ ಅವಳ ಪಕ್ಕದ ಸೀಟಿನಲ್ಲೇ ಕೂತು ಹುಬ್ಬಳ್ಳಿಗೆ ಬಂತು. ಮರುದಿನ ಬೆಳಿಗ್ಗೆ ಬಾಗಿಲು ತೆರೆಯುತ್ತಲೇ ಶಿವಲೀಲಾ ನಿಯಂತ್ರಣ ಕೊಠಡಿಯಲ್ಲಿದ್ದಳು. ಅಲ್ಲಿ ಗೋಡೆ ತುಂಬ ಹಸಿರು ಚುಕ್ಕೆಗಳು, ಅಲ್ಲಲ್ಲಿ ಕೆಂಪು. ಅವುಗಳ ಮುಂದೆ ಕಾಲು ಮಡಚಿ ಕೂತಿದ್ದವಳು ಮಂಡ್ಯದ ಹುಡುಗಿ ಸಿಂಧು, ಮೂಗಪ್ಪನ ಎಂಜಿನಿಯರು.

“ಸಿಂಧು, ಮಾದರಿ ಗಾಳಿಯೊಳಗ ಏನೇನೈತಿ, ಒಡದು ತೋರ್ಸು.”

“ಅದನ್ಯಾಕ್ ಮೇಡಂ ಈಗ? ನೀವೇ ಅಲ್ವಾ ಕಲ್ಸಿದ್ದು?” ಎನ್ನುತ್ತಲೇ ಸಿಂಧು ಬೆರಳಾಡಿಸಿದಳು. “ತಗಳಿ. ಮೊದ್ಲು ಫಿನಾಯಿಲ್. ಆಮೇಲೆ ಲೋಬಾನ. ತುಪ್ಪ, ಏಲಕ್ಕಿ. ಗಂಜಿ ಹಾಕಿರೋ ಹೊಸ ಬಟ್ಟೆ. ಇದೊಂದ್ ಮಾತ್ರ ನಂಗೆ ಯಾವತ್ತೂ ಅರ್ಥ ಆಗಿಲ್ಲ ಕಣ್ಮೇಡಂ, ಹಸಿ ಬಣ್ಣ. ಗೋಡೆಗ್ ಬಳಿಯೋ ಪೇಂಟು. ಹಸಿ ಪೇಂಟ್ ವಾಸ್ನೆ ಇದ್ರೆ ಮುದುಕ್ರು ಸುಖವಾಗವ್ರೆ ಅಂತ ತಿಳ್ಕಂಡೈತೆ ಇದು.”

ಶಿವಲೀಲಾಗೆ ಎರಡು ವರ್ಷದ ಹಿಂದಿನ ತನ್ನದೇ ದನಿ ಕಿವಿಯಲ್ಲಿ ಕೇಳಿಸಿತು. ಮೂಗಪ್ಪನಿಗೆ ಕಲಿಸಲು ಮೂವತ್ತು ಒಳ್ಳೆಯ ಮನೆಗಳನ್ನು ಅವಳೇ ಆರಿಸಿದ್ದಳು. ಹದಿನೈದು ದಿನ ಅಲ್ಲಿಯ ಗಾಳಿಯನ್ನು ಮೂಸಿ, ‘ಚೆನ್ನಾಗಿರುವುದು ಎಂದರೆ ಹೀಗಿರುತ್ತದೆ’ ಎಂದು ಅವನು ಕಲಿಯಬೇಕಿತ್ತು. ಯಂತ್ರ ಕಳಿಸುವ ಮುನ್ನ ಅವಳು ಒಂದೊಂದು ಮನೆಗೂ ಫೋನು ಮಾಡಿದ್ದಳು. ಹಾಗೆ ಮಾಡು ಎಂದು ಯಾರೂ ಹೇಳಿರಲಿಲ್ಲ. ಇಲಾಖೆಯ ವಾಡಿಕೆ ಅದು. ತಪಾಸಣೆಗೆ ಹೋಗುವ ಮುನ್ನ ತಿಳಿಸುವುದು ಮರ್ಯಾದೆ. “ನಮಸ್ಕಾರ್ರಿ, ಪರಿವೀಕ್ಷಣಾಲಯದಿಂದ ಹೂಗಾರ ಮಾತಾಡೂದು. ಸೋಮವಾರ ನಮ್ಮ ಯಂತ್ರ ಬರತೈತಿ. ಸ್ವಲ್ಪ ನೀಟಾಗಿ ಇಟ್ಟಿರ್ರಿ.”

ಅವರು ನೀಟಾಗಿ ಇಟ್ಟಿದ್ದರು. ಗೋಡೆಗೆ ಬಣ್ಣ ಬಳಿದಿದ್ದರು, ಹೊಸ ಚಾದರ ಹಾಸಿದ್ದರು, ಲೋಬಾನ ಹಾಕಿ, ಬಂದವರಿಗೆಂದು ಕೇಸರಿಬಾತ್ ಕಲಸಿದ್ದರು. ಹದಿನೈದು ದಿನವೂ. ಪಾಪ, ಮೂಗಪ್ಪನಿಗೇನು ಗೊತ್ತು? ಮನುಷ್ಯರು ಅಧಿಕಾರಿಯ ಮುಂದೆ ಬದುಕುವ ರೀತಿಯನ್ನೇ ಮನುಷ್ಯರು ಬದುಕುವ ರೀತಿ ಎಂದು ತಿಳಿದುಕೊಂಡ. ಅಂದಿನಿಂದ ನಾಡಿನ ಮುದುಕರಿಗೆಲ್ಲ ಪ್ರತಿದಿನವೂ ತಪಾಸಣೆಯ ದಿನ.

“ಮೇಡಂ, ಕೂತ್ಕಳಿ. ಮುಖ ಯಾಕಿಂಗಾಯ್ತು?”

“ಸಂಧ್ಯಾಸೌರಭ ತೆಗಿ. ಆರನೇ ಕ್ವಾಣಿ. ಮನುಷ್ಯರ ಕಾಲಮ್ಮು ತೆಗಿ.”

ಸಿಂಧು ತಡವರಿಸಿದಳು. ಉಸಿರು, ಬೆವರು, ಚರ್ಮ, ಇವುಗಳ ಆವಿಯನ್ನೂ ಪೊರೆಗಳು ಹಿಡಿಯುತ್ತಿದ್ದವು. ಆದರೆ ಅದು ಜನರ ಖಾಸಗಿ ವಿಚಾರವೆಂದು ಆ ಕಾಲಮ್ಮುಗಳನ್ನು ಅಂಕಕ್ಕೆ ಸೇರಿಸದೆ ಮುಚ್ಚಿಟ್ಟಿದ್ದರು. ಹಿರಿಯ ಪರಿವೀಕ್ಷಕರ ಹೆಬ್ಬೆಟ್ಟು ಬಿದ್ದರೆ ಮಾತ್ರ ತೆರೆಯುತ್ತಿದ್ದವು. ಎರಡು ವರ್ಷದಲ್ಲಿ ಯಾರೂ ತೆರೆದಿರಲಿಲ್ಲ. ಶಿವಲೀಲಾ ಹೆಬ್ಬೆಟ್ಟು ಒತ್ತಿದಳು.

ಪರದೆಯ ಮೇಲೆ ಒಂದು ಗೆರೆ ನೆಲಕ್ಕಂಟಿ ಮಲಗಿತ್ತು. ವಾರಕ್ಕೊಮ್ಮೆ ಒಂದು ಸಣ್ಣ ಗುಡ್ಡ ಎದ್ದು, ಮತ್ತೆ ನೆಲ.

“ಸೆನ್ಸಾರ್ ಕೆಟ್ಟಿರ್ಬೋದು ಮೇಡಂ,” ಎಂದಳು ಸಿಂಧು, ನಂಬಿಕೆಯಿಲ್ಲದೆ. “ಎಷ್ಟ್ ಹಿಂದಕ್ ಹೋದ್ರೂ ಈ ರೂಮಲ್ಲಿ ಉಸ್ರಾಡೋರೇ ಇಲ್ಲ. ಈ ಗುಡ್ಡ ಮಾತ್ರ... ಭಾನುವಾರ. ಹತ್ತೂವರೆಯಿಂದ ಹನ್ನೆರಡು.”

ಶಿವಲೀಲಾ ಪ್ರತಿ ಭಾನುವಾರ ಹನ್ನೊಂದಕ್ಕೆ ಅಪ್ಪನನ್ನು ನೋಡಲು ಹೋಗುತ್ತಿದ್ದಳು.

ಅವಳ ಕೈ ತಾನಾಗಿ ಫೋನು ಎತ್ತಿಕೊಂಡಿತು. ಬೆರಳು ಸಂಧ್ಯಾಸೌರಭದ ನಂಬರಿನ ಮೇಲೆ ಇಳಿಯಿತು. “ನಮಸ್ಕಾರ್ರಿ, ನಾ ಹೂಗಾರ, ಬರಾಕತ್ತೇನಿ” ಎಂಬ ಮಾತು ತುದಿನಾಲಿಗೆಗೆ ಬಂದಿತ್ತು. ಹೋಗುವ ಮುನ್ನ ಹೇಳದೆ ಅವಳು ಇಡೀ ಆಯುಷ್ಯದಲ್ಲಿ ಯಾವ ಹೊಸ್ತಿಲನ್ನೂ ತುಳಿದವಳಲ್ಲ. ಅಪ್ಪನನ್ನು ನೋಡಲು ಹೋಗುವಾಗಲೂ ಶನಿವಾರ ಸಂಜೆ ಫೋನು ಮಾಡುತ್ತಿದ್ದಳು.

ಫೋನನ್ನು ಸಿಂಧುವಿನ ಮೇಜಿನ ಮೇಲಿಟ್ಟಳು. “ನಾ ಬರೂತನಕ ಇದು ನಿನ್ನ ಹತ್ರ ಇರ್ಲಿ. ನಾ ಕೇಳಿದ್ರೂ ಕೊಡಬ್ಯಾಡ.”

*

ಸಂಧ್ಯಾಸೌರಭದ ವ್ಯವಸ್ಥಾಪಕಿ ಪ್ರಫುಲ್ಲಾಬಾಯಿಯ ದನಿಗೆ ಬೆಲ್ಲದ ಪಾಕದ ಹದ ಇತ್ತು. “ಅಯ್ಯ ಮೇಡಂ! ಬುಧವಾರ ಬಂದ್ರೆಲ್ಲಾ! ಒಂದು ಮಾತು ಹೇಳಿದ್ರ ನಾವ ಗಾಡಿ ಕಳಸ್ತಿದ್ವಿ. ಕೂಡ್ರಿ, ಕೇಸರಿಬಾತ್ ಬಿಸಿ ಐತಿ. ಅಪ್ಪಾರು ಈಗಷ್ಟ ಮಲಗ್ಯಾರ...”

ಶಿವಲೀಲಾ ಆರನೇ ಕೋಣೆಯ ಬಾಗಿಲು ನೂಕಿದಳು. ಮಂಚದ ಮೇಲೆ ಸುಕ್ಕಿಲ್ಲದ ಚಾದರ. ಒಂದು ಗೋಡೆಗೆ ಬಳಿದ ಬಣ್ಣ ಇನ್ನೂ ಬೆರಳಿಗೆ ಅಂಟುತ್ತಿತ್ತು. ಮೂಗಪ್ಪ ಹಸಿರು ಹಣೆಯಿಟ್ಟುಕೊಂಡು ಖಾಲಿ ಕೋಣೆಯನ್ನು ಮೆಚ್ಚಿ ಮೂಸುತ್ತಿದ್ದ. ಏಳನೇ ಕೋಣೆಯೂ ಹಾಗೇ. ಎಂಟನೆಯದೂ.

ಮುಂದೆ ಅವಳು ಯಾರನ್ನೂ ಕೇಳಲಿಲ್ಲ, ಮೂಗನ್ನೇ ಮುಂದೆ ಬಿಟ್ಟಳು. ಲೋಬಾನ ದಾಟಿ, ಅಡಿಗೆಮನೆ ದಾಟಿ, ಜನರೇಟರಿನ ಡೀಸೆಲ್ ದಾಟಿದ ಮೇಲೆ ಅದು ಸಿಕ್ಕಿತು. ಕಣ್ಣಿಗೆ ಚುಚ್ಚುವಂಥದ್ದು, ಹಳೆಯದು. ಕಾರು ನಿಲ್ಲಿಸಲು ಹಾಕಿಸಿದ್ದ ತಗಡಿನ ಶೆಡ್ಡು. ಮಾರ್ಚ್ ತಿಂಗಳ ಬಿಸಿಲಿಗೆ ತಗಡು ಚಟಚಟ ಅನ್ನುತ್ತಿತ್ತು. ಒಳಗೆ ಇಪ್ಪತ್ತಾರು ಮಂಚ, ಇಪ್ಪತ್ತಾರು ಮಂದಿ, ಒಂದೇ ಒಂದು ಫ್ಯಾನು.

ವೀರಪ್ಪ ಮೂಲೆಯ ಮಂಚದಲ್ಲಿ ಕೂತಿದ್ದ. ಹೊದಿಕೆಯ ಅಂಚಿನಿಂದ ದಾರ ಹಿರಿದು, ಎರಡು ಬೆರಳ ನಡುವೆ ಹಿಡಿದು, ಹೂ ಕಟ್ಟುವ ಗಂಟನ್ನೇ ಒಂದರ ಹಿಂದೊಂದು ಹಾಕುತ್ತಿದ್ದ. ಅರ್ಧ ಹೊದಿಕೆ ಬರೀ ಗಂಟಾಗಿತ್ತು. ಹಿಮ್ಮಡಿಯಲ್ಲಿ ಹುಣ್ಣು; ಭಾನುವಾರಗಳ ಲೋಬಾನ, ಪೌಡರಿನಡಿ ಅದು ಅವಳ ಮೂಗಿಗೂ ಸಿಕ್ಕಿರಲಿಲ್ಲ.

“ಅಪ್ಪಾ.”

ಆತ ತಲೆಯೆತ್ತಿ, ಯಾರೋ ಗಿರಾಕಿ ಎಂಬಂತೆ ನೋಡಿ, ಮತ್ತೆ ಗಂಟಿಗೆ ಇಳಿದ.

ನೀರಿನ ಕೊಡ ಹಿಡಿದಿದ್ದ ಕೆಲಸದ ಹೆಂಗಸು ಗೋಡೆಗೆ ಸರಿದು ನಿಂತಳು. “ಏನ್ ಮಾಡೂದ್ರಿ ಅಕ್ಕಾರ, ಒಳಗ ಮಲಗಿಸಿದ್ರ ತೊಂಬತ್ತೆಂಟು ಹೋಗಿ ಐವತ್ತಕ್ಕ ಬರತೈತಿ. ಮಂದಿ ಬರೂ ದಿನಾ ಜಳಕಾ ಮಾಡ್ಸಿ, ಪೌಡರ್ ಹಚ್ಚಿ ಒಳಗ ಕರ್ಕೊಂಡು ಹೋಗ್ತೇವ್ರಿ. ನೀವು ಹೇಳಿ ಬರತೀರಲ್ರಿ, ತ್ರಾಸ ಇಲ್ಲ.”

ಅವಳು ದೂರುತ್ತಿರಲಿಲ್ಲ. ಹೊಗಳುತ್ತಿದ್ದಳು.

*

ಗುರುವಾರ ಉಪನಿರ್ದೇಶಕ ಇನಾಮದಾರ ಸಾಹೇಬರ ಮುಂದೆ ಶಿವಲೀಲಾ ಕೂರಲಿಲ್ಲ. ನಿಂತೇ ಎಲ್ಲ ಹೇಳಿದಳು: ತನ್ನ ಫೋನುಗಳು, ಕೇಸರಿಬಾತು, ಹಸಿ ಬಣ್ಣ, ಶೆಡ್ಡು. ಬರೆದುಕೊಂಡೂ ಬಂದಿದ್ದಳು. ಸಾಹೇಬರು ಕನ್ನಡಕ ಏರಿಸಿ ಓದಿ, ಇಳಿಸಿ ನೋಡಿದರು.

“ನೀವ ಕಲಿಸಿದ ಮೂಗು. ನೀವ ಮುರೀತೀರೇನು?”

“ಮುರಿಯಂಗಿಲ್ರಿ ಸಾಹೇಬ್ರ. ಮತ್ತ ಕಲಸ್ತೇನಿ.”

“ಸದರಿ ವಿಷಯವು ಸೂಕ್ಷ್ಮ ಅದ,” ಎಂದರು ಸಾಹೇಬರು. ಮುಜುಗರವಾದಾಗಲೆಲ್ಲ ಅವರ ಬಾಯಲ್ಲಿ ಕಡತ ಮಾತಾಡುತ್ತಿತ್ತು. “ಈಗಾಗಲೇ ನಲವತ್ತು ಮನಿಗೆ ಬೀಗ ಹಾಕಿಯಾಗ್ಯದ. ಅವಕ್ಕೇನು ಉತ್ತರಾ ಕೊಡೋಣು?”

“ತಪ್ಪಾತು ಅಂತ ಕೊಡೂಣ್ರಿ.”

“ತಪ್ಪು ಅನ್ನೂ ಶಬ್ದ ನಮ್ಮ ನಮೂನಿಯೊಳಗ ಇಲ್ಲ, ಹೂಗಾರ ಬಾಯಿ.”

ಮಧ್ಯಾಹ್ನದವರೆಗೆ ಎಳೆದಾಡಿ ಒಂದು ಟಿಪ್ಪಣಿ ಹೊರಬಿತ್ತು. ಹತ್ತಿಮನೆಯ ಬೀಗ ಸದ್ಯಕ್ಕೆ ತಡೆ. ಅಲ್ಲಿಯ ಮೂಗಪ್ಪ ಹದಿನೈದು ದಿನ ಹೊಸದಾಗಿ ಕಲಿಯಲಿ. ಅಷ್ಟರೊಳಗೆ ಹೊರಗಿನ ವೈದ್ಯರೊಬ್ಬರ ನೇತೃತ್ವದ ಸಮಿತಿ ಒಂದು ದಿನ ಹೋಗಿ ನೋಡುತ್ತದೆ. ಅವರು ಒಪ್ಪಿದರೆ ಹತ್ತಿಮನೆಯ ಗಾಳಿಯೇ ಹೊಸ ಮಾದರಿ, ಬೀಗ ಬಿದ್ದ ನಲವತ್ತು ಮನೆಗಳ ಕಡತವೂ ಮತ್ತೆ ತೆರೆಯುತ್ತದೆ. ಹೊಲಸು ಎಂದರೆ ಹತ್ತಿಮನೆಯೂ ಇಲ್ಲ, ಶಿವಲೀಲಾಳ ನೌಕರಿಯೂ ಇಲ್ಲ. ಅವಳು ಒಂದೇ ಒಂದು ಸಾಲು ಸೇರಿಸಲು ಹಟ ಹಿಡಿದಳು: ‘ಸಮಿತಿಯು ಯಾವುದೇ ಮುನ್ಸೂಚನೆ ಇಲ್ಲದೆ ಭೇಟಿ ನೀಡತಕ್ಕದ್ದು.’ ಸಾಹೇಬರು ಅದನ್ನು ಯಾವುದೋ ಪರಭಾಷೆಯ ಸಾಲನ್ನು ಓದುವಂತೆ ಎರಡು ಸಲ ಓದಿ ಸಹಿ ಹಾಕಿದರು. ಅಲ್ಲಿಯವರೆಗೆ ಅವಳಿಗೆ ಕಡ್ಡಾಯ ರಜೆ.

ಆ ಸಂಜೆ ಸಂಧ್ಯಾಸೌರಭದ ಮುದುಕರನ್ನು ಕೋಣೆಗಳಿಗೆ ತಂದು ಮಲಗಿಸಲಾಯಿತು. ಸಿಂಧು ಫೋನು ಮಾಡಿದಳು: “ಮೇಡಂ, ಐವತ್ತೆರಡು! ಕೆಂಪು! ಇಪ್ಪತ್ತೈದ್ ಜನಾನೂ ಉಸ್ರಾಡ್ತಾವ್ರೆ!”

ಇಪ್ಪತ್ತಾರನೆಯವನನ್ನು ಶಿವಲೀಲಾ ಬಾಡಿಗೆ ಗಾಡಿಯಲ್ಲಿ ಬೆಟಗೇರಿಗೆ ಕರೆದೊಯ್ದಿದ್ದಳು.

*

ಹತ್ತಿಮನೆಯ ಮೂಗಪ್ಪನ ಹಣೆಗೆ ಈಗ ಬಿಳಿ ದೀಪ. ಕಲಿಯುತ್ತಿದ್ದಾನೆಂದು ಅರ್ಥ. ಕಾಶವ್ವ ಅವನ ಎದುರಿಗೇ ನಶ್ಯ ಏರಿಸಿ, ಮೂರು ಸಲ ಸೀನಿ, “ಬರಕೊಳ್ಳೋ ಮಗನ,” ಅನ್ನುತ್ತಿದ್ದಳು. ಬಸೆಟ್ಟೆಪ್ಪ ಅವನಿಗೆ ಪಾಸು ಕೊಟ್ಟಿದ್ದ.

ರಜೆಯ ಶಿವಲೀಲಾಗೆ ಕೈ ಕಟ್ಟಿ ಕೂರುವುದು ಗೊತ್ತಿರಲಿಲ್ಲ. ಚಾದರ ಒಗೆದಳು, ಬೆಳ್ಳುಳ್ಳಿ ಸುಲಿದಳು, ಗಾದಿ ಬಿಸಿಲಿಗೆ ಹಾಕಿ ತಿರುವಿದಳು. ಅಪ್ಪನ ಹಿಮ್ಮಡಿಗೆ ದಿನಕ್ಕೆರಡು ಸಲ ಮುಲಾಮು. ಭಾನುವಾರಗಳಂದು ಅವಳು ಗಂಧದ ಸಾಬೂನಿನಲ್ಲಿ ಮಿಂದು, ಪೌಡರು ಹಚ್ಚಿ, ಇಸ್ತ್ರಿ ಮಾಡಿದ ಸೀರೆಯುಟ್ಟು ಸಂಧ್ಯಾಸೌರಭಕ್ಕೆ ಹೋಗುತ್ತಿದ್ದಳು. ಈಗ ಬೆವರು, ಬೆಳ್ಳುಳ್ಳಿ, ಒದ್ದೆ ಸೆರಗು. ಎಂಟನೇ ದಿನ ಪಟ್ಟಿ ಕಟ್ಟಲು ಬಗ್ಗಿದಾಗ ವೀರಪ್ಪ ಅವಳ ನೆತ್ತಿಯ ಬಳಿ ದೀರ್ಘವಾಗಿ ಉಸಿರೆಳೆದುಕೊಂಡ.

“ಲೀಲಾ,” ಎಂದ, ಗದರುವ ದನಿಯಲ್ಲಿ. “ಹೂವು ಬಾಡಾಕತ್ತಾವ. ನೀರು ಹೊಡಿಯಂದ್ರ ಎಲ್ಲಿ ಹೋಗಿದ್ದೆವಾ?”

ಅವಳು ಅಲ್ಲಾಡದೆ ಹಾಗೇ ಬಗ್ಗಿ ಕೂತಳು. ಮರುಕ್ಷಣ ಆತ ಮತ್ತೆ ಗಿರಾಕಿಯನ್ನು ನೋಡುವಂತೆ ನೋಡಿದ. ಆದರೂ ಅವಳು ಎದ್ದು ಹೋಗಿ ಒಂದು ಚೊಂಬು ನೀರು ತಂದಳು.

ಹನ್ನೊಂದನೇ ದಿನ ಫೋನು ಬಂತು. ಇನಾಮದಾರ ಸಾಹೇಬರು, ದನಿ ಪಿಸುಮಾತಿಗೆ ಇಳಿದಿತ್ತು.

“ಹೂಗಾರ ಬಾಯಿ, ಹೇಳಬಾರದು. ಆದ್ರ ನಿಮ್ಮ ಮ್ಯಾಲಿನ ಅಭಿಮಾನಕ್ಕ ಹೇಳ್ಲಿಕ್ಕೆ ಹತ್ತೀನಿ. ನಾಳೆ ಹನ್ನೊಂದಕ್ಕ ಬರ್ತಾರ. ಸ್ವಲ್ಪ ನೀಟಾಗಿ ಇಟ್ಟಿರ್ರಿ.”

ತನ್ನದೇ ಮಾತು ಎರಡು ವರ್ಷ ಊರೂರು ಸುತ್ತಿ ಮನೆಗೆ ಬಂದಂತಿತ್ತು. ಅವರ ದನಿಯಲ್ಲಿ ಕಪಟವಿರಲಿಲ್ಲ. ಅವಳ ದನಿಯಲ್ಲೂ ಅಂದು ಇರಲಿಲ್ಲ.

“ಯಾರದ್ರಿ ಫೋನು?” ಜೈತುನಬಿ ಒಲೆಯ ಮುಂದಿನಿಂದ ಕೇಳಿದಳು.

ಹೇಳಿದರೆ ಗೋಡೆ ತೊಳೆಯುತ್ತಾರೆ. ಗಾದಿ ಮುಚ್ಚಿಡುತ್ತಾರೆ. ಮೂಗಪ್ಪ ಅದನ್ನೇ ಕಲಿಯುತ್ತಾನೆ. ಹೇಳದಿದ್ದರೆ, ಹತ್ತೊಂಬತ್ತು ಮಂದಿ ಮತ್ತು ಅಪ್ಪ.

“ರಾಂಗ್ ನಂಬರ್,” ಎಂದಳು ಶಿವಲೀಲಾ.

ಆಮೇಲಿನ ದಿನ ಮುಳ್ಳಿನ ಮೇಲೆ ಕಳೆಯಿತು. ಪೊರಕೆ ಕಣ್ಣಿಗೆ ಬಿದ್ದರೆ ಕೈ ಅದರ ಕಡೆ ಹೋಗುತ್ತಿತ್ತು. ಬೆಳಿಗ್ಗೆ ಎದ್ದಾಗ ಮೂಗಪ್ಪನ ತಲೆಯ ಮೇಲೇ ಒಂದು ಜೇಡರ ಬಲೆ ಕಂಡಿತು. ಹತ್ತೂಕಾಲಿಗೆ ಸ್ಟೂಲ್ ಹತ್ತಿದಳು. ಹತ್ತಿ, ಬಲೆಯನ್ನು ನೋಡಿ, ಇಳಿದಳು. ಬಲೆ ತೆಗೆಯುವ ದಿನ ಶನಿವಾರ. ಇವತ್ತು ಸೋಮವಾರ.

“ಏನ್ರಿ ಬಾಯಾರ, ಮೈಯಾಗ ಇರುವಿ ಹೊಕ್ಕಾವೇನು?” ಎಂದಳು ಜೈತುನಬಿ.

ಹತ್ತೂ ಐವತ್ತಕ್ಕೆ ಕಾಶವ್ವ ಕೂಗಿದಳು. ಹಾಸಿಗೆ ಒದ್ದೆಯಾಗಿತ್ತು. ಶಿವಲೀಲಾ ಒಳಗೋಡಿ, ಮುದುಕಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ, ಒರೆಸಿ, ಒಣ ಚಾದರ ಹಾಸತೊಡಗಿದಳು. ಒರಳಲ್ಲಿ ಬೆಳ್ಳುಳ್ಳಿ ಚಟ್ನಿ ಕುಟ್ಟುವ ಸದ್ದು. ಅಂಗಳದಲ್ಲಿ ಕಾರು ನಿಂತ ಸದ್ದು.

“ಹೋಲ್ಡಾನ್!” ಬಸೆಟ್ಟೆಪ್ಪನ ಕೂಗು. “ಮೂರು ಇಳ್ಯೂದೈತಿ! ಕೊಳ್ಳಾಗ ಕಾರ್ಡ್ ಹಾಕ್ಯಾರ!”

ಇಷ್ಟು ದಿನ ಮೂಗಪ್ಪನಿಗೆ ಸೊಪ್ಪು ಹಾಕದ ಜೈತುನಬಿ ಇಂದು ಕಪಾಟಿನತ್ತ ಓಡಿದಳು. “ಯಾ ಅಲ್ಲಾ, ಒಂದು ಮಾತು ಮೊದಲ ಹೇಳಬಾರದಾ! ಎಲ್ಲೋ ಒಂದು ಊದುಬತ್ತಿ ಕಟ್ಟು ಇತ್ತು...” ಶಿವಲೀಲಾ ಒದ್ದೆ ಕೈಯಲ್ಲೇ ಅವಳ ರಟ್ಟೆ ಹಿಡಿದಳು.

“ಇರ್ಲಿ ಬಿಡ್ರಿ ಅಕ್ಕಾರ. ಹಿಂಗ ಇರ್ಲಿ.”

ಒದ್ದೆ ಚಾದರದ ಮುದ್ದೆಯನ್ನು ಬಗಲಲ್ಲಿ ಹಿಡಿದುಕೊಂಡೇ ಅವಳು ಬಾಗಿಲಿಗೆ ಬಂದಳು. ಹೊಸ್ತಿಲಾಚೆ ಇಬ್ಬರು ಗಂಡಸರು ಕರವಸ್ತ್ರಕ್ಕೆ ಕೈ ಹಾಕಿದ್ದರು. ಅವರ ಮುಂದೆ ಬಿಳಿಗೂದಲಿನ ವೈದ್ಯೆ, ಸಮಿತಿಯ ಹಿರಿಯರು. ಅವರು ಕರವಸ್ತ್ರ ತೆಗೆಯಲಿಲ್ಲ. ಹೊಸ್ತಿಲಲ್ಲೇ ನಿಂತು, ಕಣ್ಣು ಮುಚ್ಚಿ, ನಿಧಾನವಾಗಿ ಒಂದು ಉಸಿರು ಎಳೆದುಕೊಂಡರು. ಆ ಒಂದು ಉಸಿರು ಮುಗಿಯುವವರೆಗೆ ಶಿವಲೀಲಾ ತನ್ನದನ್ನು ಹಿಡಿದು ನಿಂತಿದ್ದಳು.

“ಯಾರೋ ಹಾಸಿಗೆ ಒದ್ದೆ ಮಾಡಿಕೊಂಡಿದ್ದಾರೆ,” ಎಂದರು ವೈದ್ಯೆ, ಕಣ್ಣು ತೆರೆಯದೆ.

“ಹೌದ್ರಿ.”

“ಹತ್ತು ನಿಮಿಷ ಆಗಿರಬೇಕು.”

ಗೋಡೆಯ ಮೇಲೆ ಜೇಡರ ಬಲೆಯಡಿ ಬಿಳಿ ದೀಪ ಮಿನುಗುತ್ತಿತ್ತು. ಶಿವಲೀಲಾ ಬಗಲಿನ ಚಾದರವನ್ನು ಮುಂದೆ ಹಿಡಿದಳು.

“ಹತ್ತ ನಿಮಿಷ ಆತ್ರಿ.”